ಮಕಿಯಾನ ಶ್ರುತಿ

ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಹಾಡು ಶುರುವಾಯಿತೆಂದರೆ ಹೌನಾನಿಯ ಬೈಗುಳವೂ ಶುರುವಾಯಿತೆಂದೇ ಅರ್ಥ.

"ಏನೋ, ಮಾತೆಲ್ಲ ನುಂಗ್ತಾ ಇದೀಯಲ್ಲೋ! ಬೆಳಿಗ್ಗೆ ಮನೇಲಿ ತಿನ್ನೋಕೆ ಏನೂ ಹಾಕಿಲ್ವಾ ನಿಂಗೆ?" ಎಂದು ಅವಳು ಕೊಹಾಲಾ ಕಡೆಯ ಒಬ್ಬ ಹೊಸ ಹಾಡುಗಾರನನ್ನು ಅಡುಗೆಮನೆಯಿಂದಲೇ ಗದರಿಸಿದಳು. ಅವನದು ಮುಗಿದ ಮೇಲೆ ಮಾವಿ ದ್ವೀಪದ ಹೆಂಗಸೊಬ್ಬಳು ಹಾಡಿದಳು. ಅವಳಿಗೆ ತುಸು ಮರ್ಯಾದೆ ಸಿಕ್ಕಿತು. ದನಿ ಎದೆಯಿಂದ ತಲೆಗೆ ಹತ್ತುವ ಜಾಗದಲ್ಲಿ ಒಂದು ಮುರಿತ ಇರುತ್ತದಲ್ಲ, ನಮ್ಮ ಹಾಡಿನ ಜೀವ ಇರುವುದೇ ಅಲ್ಲಿ. ಈಗಿನವರು ಅದನ್ನು ನಯವಾಗಿ ಉಜ್ಜಿ ಮುಚ್ಚಿಬಿಡುತ್ತಾರೆ. ಈ ಹೆಂಗಸು ಮುಚ್ಚಿರಲಿಲ್ಲ. "ಹಾಂ, ಇವಳಿಗೆ ಗಂಟಲಿದೆ," ಎಂದು ಹೌನಾನಿ ಒಣಮೀನಿನ ತುಂಡೊಂದನ್ನು ಕೆಸುವಿನ ಗೆಡ್ಡೆ ಅರೆದು ಮಾಡಿದ ಪೋಯಿಯಲ್ಲಿ ಅದ್ದಿ ಬಾಯಿಗಿಟ್ಟಳು. ಆಮೇಲೆ ಮೊಲೊಕಾಯಿಯ ಒಬ್ಬ ಮುದುಕನ ಹಳೆಯ ಗ್ರಾಮಫೋನ್ ತಟ್ಟೆ ತಿರುಗಿತು. ಅವನು ಸತ್ತು ಎಷ್ಟು ಕಾಲವಾಯಿತೋ. ಅವನು ಹಾಡುವಷ್ಟು ಹೊತ್ತೂ ಹೌನಾನಿ ಅಗಿಯುವುದನ್ನು ನಿಲ್ಲಿಸಿ ಕೂತಿದ್ದಳು. ಹಾಡು ಮುಗಿದರೂ ಬಾಯಲ್ಲಿದ್ದದ್ದು ಹಾಗೇ ಇತ್ತು.

"ಕೇಳುಗರೇ, ನಿಮ್ಮ ಮೆಚ್ಚಿನ ಹಾಡುಗಾರ ಯಾರು? ಫೋನ್ ಮಾಡಿ, ತಟ್ಟೆ ಹುಡುಕೋ ಕೆಲಸ ನಂದು," ಎಂದು ರೇಡಿಯೋದ ಸೋಲ್ ಅಂಕಲ್ ಎಂದಿನ ಹಾಗೆ ಕೂಗಿದ. ನಮ್ಮ ಕೇರಿ ಕೆಯೌಕಹದವರೆಲ್ಲ ಅವನಿಗೆ ಫೋನು ಮಾಡುತ್ತಾರೆ. ಹೌನಾನಿ ಮಾತ್ರ ಒಮ್ಮೆಯೂ ಮಾಡಿದವಳಲ್ಲ. ಏನೆಂದು ಮಾಡುತ್ತಾಳೆ? ಅವಳಿಗೆ ಬೇಕಾದ ಗಿಟಾರು ಯಾವ ತಟ್ಟೆಯಲ್ಲೂ ಇರಲಿಲ್ಲ, ಯಾವ ಟೇಪಿನಲ್ಲೂ ಇರಲಿಲ್ಲ. ಅದನ್ನು ನುಡಿಸುತ್ತಿದ್ದ ಅವಳ ಗಂಡ ಮಕಿಯಾ ಸತ್ತು ಮುಂದಿನ ಶನಿವಾರಕ್ಕೆ ವರ್ಷ ತುಂಬುತ್ತಿತ್ತು.

ಗಿಟಾರಿನ ವಿಷಯ ಸ್ವಲ್ಪ ಹೇಳಲೇಬೇಕು. ಪ್ರವಾಸಿಗಳು ಹೋಟೆಲಿನ ದೀಪದ ಕೆಳಗೆ ಎರಡು ಹಾಡು ಕೇಳಿ, ಹೂವಿನ ಹಾರ ಹಾಕಿಸಿಕೊಂಡು, ಇವರ ಸಂಗೀತ ಅಂದರೆ ಇಷ್ಟೇ ಎಂದು ಹೊರಟುಹೋಗುತ್ತಾರೆ. ಹೋಗಲಿ ಬಿಡಿ, ಅವರ ಕರ್ಮ. ನಮ್ಮಲ್ಲಿ ಗಿಟಾರಿನ ತಂತಿಗಳನ್ನು ಅಂಗಡಿಯವನು ಬಿಗಿದುಕೊಟ್ಟ ಹಾಗೆ ಯಾರೂ ಇಟ್ಟುಕೊಳ್ಳುವುದಿಲ್ಲ. ಒಂದೊಂದು ಮನೆಯವರು ಒಂದೊಂದು ರೀತಿ ಇಳಿಸಿ ತಮ್ಮದೇ ಶ್ರುತಿ ಮಾಡಿಕೊಳ್ಳುತ್ತಾರೆ. ಅದು ಮನೆತನದ ಸ್ವತ್ತು. ಮೀನು ಸಿಗುವ ಬಂಡೆಯನ್ನು ಹೇಗೆ ಯಾರಿಗೂ ಹೇಳುವುದಿಲ್ಲವೋ ಇದನ್ನೂ ಹಾಗೆಯೇ ಹೇಳುವುದಿಲ್ಲ. ಒಬ್ಬ ಬೆನ್ನು ತಿರುಗಿಸಿ ಬಿರಡೆ ತಿರುವುತ್ತಿದ್ದರೆ ಉಳಿದವರು ಸಮುದ್ರದ ಕಡೆ ನೋಡುತ್ತ ಜೋರಾಗಿ ಮಾತಾಡಬೇಕು, ಅದು ಮರ್ಯಾದೆ. ನುಡಿಸಿದ್ದು ಮುಗಿದ ಕೂಡಲೇ ತಂತಿಗಳನ್ನೆಲ್ಲ ಸಡಿಲ ಬಿಟ್ಟೇ ಗಿಟಾರು ಕೆಳಗಿಡಬೇಕು. ಇಲ್ಲದಿದ್ದರೆ ಶ್ರುತಿ ಎತ್ತಿಕೊಂಡವನ ಪಾಲಾಗುತ್ತದೆ.

ಮಕಿಯಾ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಶ್ರುತಿ ಮಾಡಲು ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮನೆಯಲ್ಲಿ ಹೆಂಡತಿಯೊಬ್ಬಳೇ ಇದ್ದರೂ ಅಷ್ಟೇ. ಸಂಜೆ ಅವಳು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿರುವಾಗ ಅವನು ಒಳಗೆ ಬಿರಡೆ ತಿರುವಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವನು ನುಡಿಸುವನು, ಇವಳು ಹಾಡುವಳು. ಮದುವೆಮನೆ, ಹುಟ್ಟುಹಬ್ಬ, ಚರ್ಚಿನ ಊಟ, ಎಲ್ಲಿ ಹೋದರೂ ಇವರಿಬ್ಬರೇ. ಆ ಗಿಟಾರಿನ ನಾದದಲ್ಲಿ ಏನೋ ಒಂದು ಒದ್ದೆ ಇತ್ತು, ಕೇಳಿದವರು ಕಾರಣವಿಲ್ಲದೆ ಮೂಗು ಒರೆಸಿಕೊಳ್ಳುತ್ತಿದ್ದರು.

ಹೊನೊಲುಲುವಿನಿಂದ ರೆಕಾರ್ಡು ಮಾಡುವವನೊಬ್ಬ ಎರಡು ಸಲ ಬಂದು ಅಂಗಲಾಚಿ ಹೋಗಿದ್ದ. ಮಕಿಯಾ ಅವನಿಗೆ ಹೊಟ್ಟೆ ಬಿರಿಯುವಷ್ಟು ಊಟ ಹಾಕಿ ಕಳಿಸಿದನೇ ಹೊರತು ಒಂದು ತಂತಿ ಮೀಟಲಿಲ್ಲ.

"ಟೇಪಿಗೆ ಹೋದದ್ದನ್ನ ತಿರುಗಿಸಿ ತಿರುಗಿಸಿ ಕೇಳ್ತಾರೆ ಕಣೇ. ಕೊನೆಗೊಂದಿನ ಶ್ರುತಿ ಸಿಕ್ಕಿಬಿಡತ್ತೆ ಅವರಿಗೆ," ಎಂದಿದ್ದ.

"ನನ್ನ ದನೀನೂ ಹೋಯ್ತಲ್ಲೋ ಅದರ ಜೊತೆ," ಎಂದು ಅವಳು ನಕ್ಕಿದ್ದಳು. ನಗು ಬಾಯಲ್ಲಷ್ಟೇ. ಒಳಗೆ ಚುಚ್ಚಿತ್ತು. ಆದರೆ ಮನೆತನದ ಮಾತಿಗೆ ಎದುರಾಡುವವಳಲ್ಲ ಹೌನಾನಿ. ಆ ಗುಟ್ಟನ್ನು ಅವಳು ತನ್ನ ಗಂಡನಿಗಿಂತ ಗಟ್ಟಿಯಾಗಿ ಕಾದಳು. ಅದೇ ಅಲ್ಲವೇ ಆದದ್ದು.

ಈಗ ಮಕಿಯಾ ಇಲ್ಲ, ಗಿಟಾರು ಮಲಗುವ ಕೋಣೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ, ತಂತಿಗಳು ಒಣಹಾಕಿದ ದಾರದ ಹಾಗೆ ಜೋತುಬಿದ್ದಿವೆ. ಆ ಶ್ರುತಿ ಗೊತ್ತಿದ್ದವರು ಯಾರೂ ಉಳಿದಿಲ್ಲ. ಹೌನಾನಿ ಈ ವರ್ಷವಿಡೀ ಒಂದು ಸಾಲು ಹಾಡಿಲ್ಲ. ಚರ್ಚಿನಲ್ಲಿ ತುಟಿ ಮಾತ್ರ ಆಡಿಸುತ್ತಾಳೆ. ಗಂಡ ಸತ್ತದ್ದು ದೇವರ ಇಚ್ಛೆ ಎಂದು ಹೇಗೋ ಸಹಿಸಿಕೊಂಡಿದ್ದಾಳೆ, ಆದರೆ ಅವನ ಕೈಯ ನಾದವನ್ನು ಇನ್ನೊಂದೇ ಒಂದು ಸಲ ಕೇಳಬೇಕೆನ್ನುವ ಹಸಿವಿದೆಯಲ್ಲ, ಅದು ಮಾತ್ರ ಅವಳನ್ನು ತಿಂದುಹಾಕುತ್ತಿತ್ತು.

"ಏನೇ ಹೌನಾ, ರೇಡಿಯೋ ಜೊತೆ ಜಗಳ ಮುಗೀತಾ?" ಎಂದು ಕೂಗುತ್ತ ಪಕ್ಕದ ಮನೆಯ ಮೋಮಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಮೋಮಿ ಬಾಗಿಲು ತಟ್ಟಿ ಬಂದದ್ದನ್ನು ಈ ಕೇರಿಯಲ್ಲಿ ಯಾರೂ ನೋಡಿಲ್ಲ. ವರ್ಷದ ಊಟದ ಉಸ್ತುವಾರಿಯೆಲ್ಲ ಅವಳೇ ತಲೆಯ ಮೇಲೆ ಹೊತ್ತಿದ್ದಳು. ನಮ್ಮಲ್ಲಿ ಅದನ್ನು ಕಣ್ಣೀರಿನ ಊಟ ಎನ್ನುತ್ತಾರೆ. ಅವತ್ತು ಎಲ್ಲರೂ ಕೂಡಿ ಕೊನೆಯ ಸಲ ಅತ್ತು, ಉಂಡು, ಹಾಡಿ, ದುಃಖವನ್ನು ಅಲ್ಲಿಗೆ ಇಳಿಸಿಬಿಡಬೇಕು.

"ಹಂದಿ ಗೊತ್ತು ಮಾಡಾಯ್ತು. ಅದನ್ನ ಹೂತು ಬೇಯಿಸೋ ಗುಂಡಿ ತೋಡೋಕೆ ನನ್ನ ಅಳಿಯಂದಿರು ಬರ್ತಾರೆ, ಕೆಲಸಕ್ಕಿಂತ ಬಿಯರೇ ಜಾಸ್ತಿ ಇಳಿಸ್ತಾರೆ, ಆದ್ರೂ ಬರ್ತಾರೆ. ಪೋಯಿ ವೈಪಿಯೋ ಕಣಿವೆಯಿಂದ ಬರತ್ತೆ," ಎಂದು ಮೋಮಿ ಕುರ್ಚಿ ಎಳೆದುಕೊಂಡಳು. "ಇನ್ನು ಗಿಟಾರಿಗೆ ಯಾರು?"

"ಯಾರೂ ಬೇಡ."

"ಗಿಟಾರಿಲ್ದೆ ಮಕಿಯಾನ ಊಟವಾ? ಗುಂಡೀಲಿರೋ ಹಂದಿ ಎದ್ದು ಓಡೋಗತ್ತೆ ಕಣೇ ನಾಚಿಕೆಗೆ!"

ಹೌನಾನಿ ನಗಲಿಲ್ಲ. ಮೋಮಿ ಒಂದು ಕ್ಷಣ ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲನ್ನು ಅತ್ತಿತ್ತ ಸರಿಸಿ, "ಕೈಪೋಗೆ ಫೋನ್ ಮಾಡಿದೀನಿ. ಬರ್ತೀನಿ ಅಂದ," ಎಂದಳು.

ಹೌನಾನಿಯ ಮುಖ ಕೆಂಪಾಯಿತು. "ನನ್ನ ಮನೆ ಊಟಕ್ಕೆ ಆ ಕಳ್ಳನ್ನ ಕರೆಯೋಕೆ ನೀನ್ಯಾರೇ?"

"ನಾನ್ಯಾರು? ನಿನ್ನ ಪಕ್ಕದ ಮನೆಯವಳು. ನಿನ್ನ ಗಂಡನ ಒಡಹುಟ್ಟಿದ ತಮ್ಮನ್ನ ಕರ್ದಿದೀನಿ, ಪೊಲೀಸಿನೋರನ್ನ ಕರ್ದಿಲ್ಲ. ಬೈಯೋದಿದ್ರೆ ಬೈಕೋ, ಕಾಫಿ ಕೊಟ್ಟು ಬೈ," ಎಂದಳು ಮೋಮಿ. ಹೌನಾನಿ ಕಾಫಿ ಕೊಟ್ಟಳು, ಬೈದಳು. ಆದರೆ ಕೈಪೋ ಬರುವುದು ತಪ್ಪಲಿಲ್ಲ.

ಕೈಪೋ ಮಕಿಯಾನಿಗಿಂತ ಚಿಕ್ಕವನು. ಬೆರಳು ಅಣ್ಣನಿಗಿಂತ ಚುರುಕು ಎಂದು ಇಡೀ ಕೇರಿಯೇ ಹೇಳುತ್ತಿತ್ತು. ಆದರೆ ಅವರಪ್ಪ ಶ್ರುತಿಯನ್ನು ಹಿರಿಯ ಮಗನಿಗೆ ಮಾತ್ರ ಕೊಟ್ಟು ಕಣ್ಣುಮುಚ್ಚಿದ. ಕೈಪೋ ಅಣ್ಣನನ್ನು ಕೇಳಿದ, ಬೇಡಿಕೊಂಡ, ಕೊನೆಗೆ ಜಗಳಾಡಿದ. "ಅಪ್ಪ ನನಗೆ ಕೊಟ್ಟದ್ದು, ನಿನಗೆ ಕೊಡು ಅನ್ನಲಿಲ್ಲ," ಎಂದು ಮಕಿಯಾ ಒಂದೇ ಮಾತಿಗೆ ನಿಂತ. ಕೈಪೋ ಲಾಸ್ ವೇಗಸ್ಸಿಗೆ ಹೊರಟುಹೋಗಿ ಅಲ್ಲೊಂದು ಹೋಟೆಲಿನ ಅಡುಗೆಮನೆ ಸೇರಿಕೊಂಡ. ಕೆಯೌಕಹದ ಅರ್ಧ ಜನ ಅಲ್ಲೇ ಇದ್ದಾರೆ, ಅದೇನೂ ದೊಡ್ಡ ಸುದ್ದಿಯಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಮಾತ್ರ ದೊಡ್ಡದು.

ಅವನು ಮತ್ತೆ ಬಂದದ್ದು ಅಣ್ಣನ ಮಣ್ಣಿಗೆ. ಆ ದಿನ ನಡೆದದ್ದನ್ನು ಹೌನಾನಿ ಈ ವರ್ಷವಿಡೀ ಮನಸ್ಸಿನಲ್ಲಿ ಮೆಲುಕು ಹಾಕುತ್ತಲೇ ಇದ್ದಳು. ಮನೆ ತುಂಬ ಜನ. ಅರ್ಧಕ್ಕರ್ಧ ಗಿಟಾರಿನವರು. ಅವಳು ಶಾಲು ತರಲೆಂದು ಮಲಗುವ ಕೋಣೆಗೆ ಹೋದಳು. ಹೋಗುವಾಗ ಗೋಡೆಯ ಮೇಲಿನ ಗಿಟಾರಿಗೆ ಭುಜ ತಗುಲಿತು, ತಂತಿ ನುಡಿಯಿತು.

ತಂತಿಗಳು ಬಿಗಿಯಾಗಿದ್ದವು! ಇಷ್ಟು ವರ್ಷಗಳಲ್ಲಿ ಒಂದು ದಿನವೂ ತಂತಿ ಬಿಗಿಯಾಗೇ ಬಿಟ್ಟು ಮಲಗದ ಮನುಷ್ಯ, ಆಸ್ಪತ್ರೆಗೆ ಹೊರಡುವ ಸಂಜೆ ನುಡಿಸಿದವನು, ಸಡಿಲಿಸುವುದನ್ನು ಮರೆತಿದ್ದಾನೆ. ಪಾಪ, ಎಷ್ಟು ನೋವಿತ್ತೋ, ಬೆರಳಲ್ಲಿ ಶಕ್ತಿಯೇ ಇತ್ತೋ ಇಲ್ಲವೋ. ಹೊರಗೆ ಅಷ್ಟು ಜನ ಗಿಟಾರಿನವರು ಕೂತಿದ್ದಾರೆ, ಯಾರಾದರೂ ಒಬ್ಬ ಒಳಗೆ ಬಂದು ಒಂದು ಸಲ ಬೆರಳಾಡಿಸಿದರೆ ಮುಗಿಯಿತು. ಅವಳು ಬಾಗಿಲು ಹಾಕಿಕೊಂಡು, ಒಂದೊಂದೇ ಬಿರಡೆ ತಿರುವಿ ಎಲ್ಲ ತಂತಿಯನ್ನೂ ಸಡಿಲಿಸಿದಳು. "ಹೆದರಬೇಡ ಮಕಿಯಾ, ನಾನಿದೀನಿ," ಎಂದು ಪಿಸುಗುಟ್ಟಿದಳು. ಹೊರಗೆ ಬಂದಾಗ, ಅಷ್ಟು ದುಃಖದ ನಡುವೆಯೂ, ಗಂಡನ ಮಾನ ಉಳಿಸಿದೆನೆಂಬ ಒಂದು ಸಮಾಧಾನ ಇತ್ತು.

ಸ್ವಲ್ಪ ಹೊತ್ತಿಗೇ ಕೈಪೋ ಕಳ್ಳಹೆಜ್ಜೆಯಲ್ಲಿ ಆ ಕೋಣೆಗೆ ಹೋದದ್ದನ್ನು ಅವಳು ಕಣ್ಣಾರೆ ಕಂಡಳು. ಸಡಿಲ ತಂತಿಗಳು ಪಟಪಟ ಎಂದದ್ದು ಕೇಳಿಸಿತು. ಹೊರಗೆ ಬಂದವನ ಮುಖ ಕಪ್ಪಿಟ್ಟಿತ್ತು. ಯಾರೊಡನೆಯೂ ಮಾತಿಲ್ಲ, ಒಂದು ತುತ್ತು ಊಟವಿಲ್ಲ, ಹಾಗೇ ಹೊರಟುಹೋದ. ಅಣ್ಣನ ಮಣ್ಣು ಒಣಗುವ ಮುಂಚೆಯೇ ಕದಿಯಲು ಬಂದನಲ್ಲ, ಕಳ್ಳ! ಆ ಸಿಟ್ಟು ಇವತ್ತಿಗೂ ಆರಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿಯೂ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಮ್ಮ ಕೇರಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ, ವಿಮಾನಗಳು ಮಾಡಿಗೆ ಹೊಟ್ಟೆ ತಾಗಿಸಿಕೊಂಡೇ ಹೋಗುತ್ತವೆ. ಮಕಿಯಾ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ, ವಿಮಾನ ಹೋದ ಮೇಲೂ ಮನೆಯೊಳಗೆ ಸಣ್ಣಗೆ ಒಂದು ಝೇಂಕಾರ ಉಳಿಯುತ್ತಿತ್ತು. ಯಾರೋ ಪಕ್ಕದ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ. ದುಃಖಕ್ಕೆ ತನ್ನ ಕಿವಿ ಕೆಟ್ಟಿದೆ ಎಂದುಕೊಂಡಿದ್ದಳು. ಮಣ್ಣಾದ ದಿನದಿಂದ ಅದು ನಿಂತುಹೋಯಿತು. ಆಮೇಲೆ ಮನೆ ಪೂರ್ತಿ ಮೂಕಾಯಿತು.

ಶನಿವಾರ ಬಂತು. ಬೆಳಕು ಹರಿಯುವ ಮೊದಲೇ ಗುಂಡಿಯ ಕಲ್ಲುಗಳು ಕಾದು, ಬಾಳೆಲೆಯ ಹಬೆ ಹಿತ್ತಲ ತುಂಬ ಹರಡಿತು. ಮಧ್ಯಾಹ್ನಕ್ಕೆ ಡೇರೆಯ ಕೆಳಗೆ ಜಾಗವಿರಲಿಲ್ಲ. ಜನ ಅತ್ತರು, ತಿಂದರು, ಮಕಿಯಾನ ತಮಾಷೆಗಳನ್ನು ಹೇಳಿಕೊಂಡು ಬಿದ್ದುಬಿದ್ದು ನಕ್ಕರು. ಮೋಮಿಯ ಅಳಿಯಂದಿರು ಹಾಡಿದರು. ಆದರೆ ಮಕಿಯಾ ಹೆಂಡತಿಗಾಗಿ ಕಟ್ಟಿದ ಹಾಡನ್ನು ಯಾರೂ ಮುಟ್ಟಲಿಲ್ಲ. ಹೆಸರು ಹಿಡಿದು ಕಟ್ಟಿದ ಹಾಡು ಆ ಹೆಸರಿನವರದೇ, ಅವರು ಬಾಯಿಬಿಟ್ಟು ಹಾಡಿ ಎನ್ನದೆ ಹಾಡುವಂತಿಲ್ಲ. "ಆಂಟಿ, ಹೇಳ್ಬಾರ್ದಾ?" ಎನ್ನುವ ಹಾಗೆ ಎಲ್ಲರೂ ಅವಳನ್ನೇ ನೋಡಿದರು. ಅವಳು ಎದ್ದು ಹೋಗಿ ಯಾರದೋ ತಟ್ಟೆಗೆ ಬೇಡದ ಪೋಯಿ ಬಡಿಸಿದಳು.

ಕೈಪೋ ಬಂದಿದ್ದ. ತೀರ ಬಡವಾಗಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಡೇರೆಯೊಳಗೆ ಬಾರದೆ ದೂರದಲ್ಲಿ ಮರದ ಬುಡದಲ್ಲಿ ಕೂತಿದ್ದ. ಮುಂದಿದ್ದ ಊಟ ತಣ್ಣಗಾಗುತ್ತಿತ್ತು. ದೂರದಿಂದ ನೋಡಿದರೆ ಆ ಹೆಗಲು, ಕುತ್ತಿಗೆ ಬಾಗಿಸುವ ರೀತಿ, ಥೇಟ್ ಮಕಿಯಾನೇ. ಅದು ಹೌನಾನಿಗೆ ಇನ್ನಷ್ಟು ಸಿಟ್ಟು ತರಿಸಿತು.

ಜನ ಚದುರಿದ ಮೇಲೆ, ಮೋಮಿ ಉಳಿದ ಊಟವನ್ನು ಪೊಟ್ಟಣ ಕಟ್ಟುತ್ತಿದ್ದಾಗ, ಹೌನಾನಿ ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ಈ ಸಲವೂ ಉಣ್ಣದೆ ಹೋಗ್ತೀಯಾ? ಕೋಣೆ ಬಾಗಿಲು ತೆರೆದೇ ಇದೆ. ಹೋಗು, ಇನ್ನೊಂದ್ಸಲ ತಡಕಾಡಿ ಬಾ."

ಕೈಪೋ ತಲೆ ಎತ್ತಿದ. "ಬೇಡ ಅತ್ತಿಗೆ. ಒಂದ್ಸಲ ನಗೆಪಾಟಲಾದದ್ದು ಸಾಕು."

"ನಿನ್ನ ನೋಡಿ ಯಾರೋ ನಕ್ಕಿದ್ದು?"

"ಅಣ್ಣ ನಕ್ಕ. ಸತ್ತ ಮೇಲೂ ನಕ್ಕ." "ಆಸ್ಪತ್ರೆಯಿಂದ ಫೋನ್ ಮಾಡಿದ್ದ ನನಗೆ. ಅಷ್ಟು ವರ್ಷದ ಮೇಲೆ ಅವನ ದನಿ ಕೇಳಿದ್ದು. ನೀವು ಮನೆಗೆ ಬಟ್ಟೆ ತರೋಕೆ ಹೋಗಿದ್ರಂತೆ. 'ಗಿಟಾರು ಗೋಡೇಲಿದೆ ಕಣೋ ಕೈಪೋ. ಸಡಿಲ ಬಿಟ್ಟಿಲ್ಲ. ಅಪ್ಪನ ಮಾತು ಅಪ್ಪನ ಜೊತೆಗೇ ಹೋಗ್ಲಿ. ನೀನು ಬಂದು ತಂತಿ ಕೇಳಿ ತಗೋ, ಅತ್ತಿಗೆಗೆ ನುಡಿಸು, ಅವಳು ಹಾಡದೆ ಬದುಕೋಳಲ್ಲ' ಅಂದ. ನಾನು ವಿಮಾನ ಹತ್ತೋ ಹೊತ್ತಿಗೆ ಪ್ರಾಣ ಹೋಗಿತ್ತು. ಬಂದೆ, ಕೋಣೆಗೆ ಹೋದೆ, ಗಿಟಾರು ಮುಟ್ಟಿದೆ. ಎಲ್ಲಾ ಸಡಿಲ! ಸಾಯೋ ಹೊತ್ತಲ್ಲೂ ನನ್ನ ಆಡಿಸಿದನಲ್ಲ ಅನ್ನಿಸ್ತು. ವರ್ಷದಿಂದ ಗಿಟಾರು ಮುಟ್ಟಿಲ್ಲ ಅತ್ತಿಗೆ ನಾನು."

ಹೌನಾನಿ ಹತ್ತಿರದ ಬೆಂಚನ್ನು ಹಿಡಿದುಕೊಂಡು ಕೂತಳು.

ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು ತಾನೇ ಹೇಳಿದ್ದಳಲ್ಲ, "ಮನೆ ಚಿಂತೆ ಬಿಡು, ನೀನು ಹೇಗಿಟ್ಟಿದೀಯೋ ಹಾಗೇ ಇಟ್ಕೊಂಡಿರ್ತೀನಿ" ಎಂದು. ಅವನು ಅವಳ ಕೈ ಅದುಮಿ ನಕ್ಕಿದ್ದ. ನಿಶ್ಚಿಂತೆಯಿಂದ ನಕ್ಕಿದ್ದ. ಶ್ರುತಿ ಮುಂದೆ ಯಾರಿಗೆ ಎಂಬ ಮಾತನ್ನು ಅವರಿಬ್ಬರೂ ಎಂದೂ ಆಡಿದವರಲ್ಲ, ಅವತ್ತೂ ಆಡಲಿಲ್ಲ.

"ಅವನು ನಗಲಿಲ್ಲ ಕಣೋ," ಎಂದಳು. "ಅವನಲ್ಲ. ನಾನು. ನಾನೇ ಬಿಚ್ಚಿದ್ದು. ಮರೆತುಬಿಟ್ಟಿದಾನೆ ಅನ್ಕೊಂಡೆ. ಯಾರಾದ್ರೂ ಕದ್ದಾರು ಅಂತ... ಅಯ್ಯೋ ಕೈಪೋ, ನಿನಗೆ ಅಂತ ಇಟ್ಟದ್ದನ್ನ, ನನಗೆ ಅಂತ ಇಟ್ಟದ್ದನ್ನ, ನನ್ನ ಕೈಯಾರೆ ಕೊಂದೆನಲ್ಲೋ!"

ಆಕೆ ಅತ್ತಳು. ಕಣ್ಣೀರಿನ ಊಟದಲ್ಲಿ ಅಳದೆ ಉಳಿಸಿಕೊಂಡದ್ದೆಲ್ಲ ಈಗ ಬಂತು. ಪೊಟ್ಟಣ ಹಿಡಿದುಕೊಂಡು ಬಂದ ಮೋಮಿ ದೂರದಲ್ಲೇ ನಿಂತು, ಒಂದು ಮಾತೂ ಆಡದೆ ಹಿಂದಿರುಗಿದಳು. ಅವಳ ಜನ್ಮದಲ್ಲಿ ಅದೊಂದೇ ಸಲವಿರಬೇಕು. ಕೈಪೋ ತಣ್ಣಗಾದ ಊಟವನ್ನು ಕೈಗೆತ್ತಿಕೊಂಡು ತಿನ್ನತೊಡಗಿದ. ವರ್ಷದ ಹಿಂದೆ ಉಣ್ಣದೆ ಬಿಟ್ಟಿದ್ದ ಊಟವನ್ನೇ ಈಗ ಉಣ್ಣುವವನ ಹಾಗೆ ಗಬಗಬ ತಿಂದ, ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

"ಅತ್ತಿಗೆ," ಎಂದ ಕೊನೆಗೆ. "ಪಕ್ಕದಲ್ಲೇ ಇರ್ತಿದ್ರಲ್ಲ ನೀವು. ಅವನು ಶ್ರುತಿ ಮಾಡೋದು ಕಿವಿಗೆ ಬೀಳ್ತಾನೇ ಇರಲಿಲ್ವಾ?"

"ಬೀಳದೆ ಏನು? ಹಲಗೆ ಗೋಡೆ. ಆದ್ರೆ ನಾನು ಕೇಳಿಸ್ಕೋಬಾರ್ದು ಅಂತ ಬೇಕಂತ್ಲೇ ನಲ್ಲಿ ಬಿಟ್ಕೊಂಡು ಅಕ್ಕಿ ತೊಳೀತಿದ್ದೆ. ಏನೋ ಗುನುಗ್ತಾ ಇರ್ತಿದ್ದೆ. ಅದು ಮರ್ಯಾದೆ ಅಲ್ವಾ?"

"ಮೊದಲ ತಂತಿ ಹೇಗೆ ಹಿಡೀತಿದ್ದ? ಪಿಟೀಲು, ಪಿಯಾನೋ ಏನೂ ಇರಲಿಲ್ಲ ಮನೇಲಿ. ಎಲ್ಲಿಂದಾದ್ರೂ ಒಂದು ಸ್ವರ ತಗೋಬೇಕಲ್ಲ."

ಹೌನಾನಿ ಕಣ್ಣೊರೆಸಿಕೊಳ್ಳುತ್ತಿದ್ದ ಕೈ ನಿಂತಿತು.

ದಿನವೂ ಬಾಗಿಲು ಹಾಕಿಕೊಂಡ ಮೇಲೆ ಅವನು ಒಳಗಿನಿಂದ ಕೂಗುತ್ತಿದ್ದ: "ಏ ಹೌನಾ, ಅಕ್ಕಿ ತೊಳೀತಿದೀಯಾ?" ಅವಳು "ಹೂಂ" ಎಂದು ಗುನುಗು ಮುಂದುವರಿಸುವಳು. ಆಮೇಲೇ ಮೊದಲ ತಂತಿಯ ಸದ್ದು ಬರುತ್ತಿತ್ತು. ಅವನಿಗೆ ಹಸಿವು ಎಂದು ತಿಳಿದಿದ್ದಳು. ಇಷ್ಟು ವರ್ಷ, ಹೊಟ್ಟೆಬಾಕ ಎಂದು ಅವನನ್ನು ಹಂಗಿಸಿದ್ದೇ ಹಂಗಿಸಿದ್ದು!

"ನನ್ನಿಂದ," ಎಂದಳು ಮೆಲ್ಲಗೆ. "ನನ್ನಿಂದ ತಗೋತಿದ್ದ ಕಣೋ."

ಅಂದು ಸಂಜೆ ಕೈಪೋ ಗಿಟಾರನ್ನು ಮೊಳೆಯಿಂದ ಇಳಿಸಿ, ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೌನಾನಿ ನಲ್ಲಿ ಬಿಟ್ಟು ಪಾತ್ರೆಯಲ್ಲಿ ಅಕ್ಕಿ ಹಾಕಿಕೊಂಡಳು. ಹಾಡಲು ಬಾಯಿ ತೆರೆದರೆ ಬಂದದ್ದು ಕೆಮ್ಮು. ವರ್ಷದಿಂದ ಮುಚ್ಚಿದ್ದ ಗಂಟಲು, ತುಕ್ಕು ಹಿಡಿದಿತ್ತು. ಆಗಲ್ಲ ಎಂದು ಹೇಳಿಬಿಡೋಣ ಎನಿಸಿತು.

"ಅತ್ತಿಗೆ," ಎಂದು ಗೋಡೆಯ ಆಚೆಯಿಂದ ಕೈಪೋ ಕೂಗಿದ. "ಅಕ್ಕಿ ತೊಳೀತಿದೀರಾ?"

"ಹೂಂ," ಎಂದಳು. ಆ ಹೂಂ ಜೊತೆಯಲ್ಲೇ ಗುನುಗು ಹೊರಟಿತು. ಅವಳ ಹೆಸರಿನ ಹಾಡು. ಬೆರಳುಗಳು ಅಕ್ಕಿಯಲ್ಲಿ ತಿರುಗುತ್ತಿದ್ದವು. ಸಣ್ಣ ತಂತಿ ತಡವರಿಸುತ್ತ ಮೇಲೆ ಬಂತು, ಅವಳ ದನಿಯ ಹತ್ತಿರ ಬಂತು, ಬೆರೆಯಿತು.

"ಹಾಂ, ಅಲ್ಲೇ. ಮುಂದಿನದು ಇಳಿಸು. ಇನ್ನೂ. ಅಷ್ಟು ಬೇಡ, ಅವನು ಒಂಚೂರು ಜಾಸ್ತಿ ಇಳಿಸಿ ಆಮೇಲೆ ಎತ್ತಿಕೊಳ್ತಿದ್ದ." ಕೇಳಿಸಿಕೊಳ್ಳಬಾರದೆಂದು ನಲ್ಲಿಯ ಸದ್ದಿನಲ್ಲಿ ಮುಚ್ಚಿಟ್ಟದ್ದನ್ನೆಲ್ಲ ಕಿವಿ ಜೋಪಾನವಾಗಿ ಇಟ್ಟುಕೊಂಡಿತ್ತು. ಒಂದು ತಂತಿಗೆ ಬಹಳ ಹೊತ್ತು ಹಿಡಿಯಿತು, ಕೈಪೋ ಬೇಸತ್ತು ಏನೋ ಗೊಣಗಿದ, ಇವಳು "ಬಾಯಿ ಮುಚ್ಕೊಂಡು ತಿರುವು" ಎಂದು ಗದರಿಸಿದಳು. ದಪ್ಪ ತಂತಿ ಕೊನೆಗೆ ಕೆಳಗಿಳಿಯುತ್ತ, ಇಳಿಯುತ್ತ, ಹಲಗೆ ಗೋಡೆಯೇ ಗುಂ ಎಂದಾಗ ಅವಳು "ಬಿಡು" ಎಂದಳು.

ಆಮೇಲೆ ಗಿಟಾರು ನುಡಿಯಿತು.

ಅದೇ. ಅದೇ ಒದ್ದೆ ನಾದ. ಅವಳು ಹಾಡಿದಳು, ದನಿ ಎದೆಯಿಂದ ತಲೆಗೆ ಹತ್ತುವ ಕಡೆ ಎಷ್ಟು ಮುರಿಯಬೇಕೋ ಅದಕ್ಕಿಂತ ಹೆಚ್ಚೇ ಮುರಿಯಿತು, ಮುರಿಯಲಿ ಎಂದು ಬಿಟ್ಟಳು. ನೀರು ಸುರಿಯುತ್ತಿತ್ತು, ಅಕ್ಕಿ ಕೈಯಲ್ಲಿತ್ತು, ಗೋಡೆಯ ಆಚೆ ಮಕಿಯಾ ನುಡಿಸುತ್ತಿದ್ದ. ಏನೂ ಆಗಿರಲಿಲ್ಲ. ಆಸ್ಪತ್ರೆ, ಮಣ್ಣು, ಈ ಒಂದು ವರ್ಷ, ಯಾವುದೂ ಆಗಿರಲಿಲ್ಲ. ಬಾಗಿಲು ಕಿರ್ರೆಂದಿತು. ಅವಳು ನಗುತ್ತ ತಿರುಗಿ, "ಬಾರೋ ಹೊಟ್ಟೆಬಾಕ, ಇನ್ನೂ ಒಲೆ ಮೇಲೂ ಇಟ್ಟಿಲ್ಲ," ಎಂದಳು.

ಬಾಗಿಲಲ್ಲಿ ಬಿಳಿಗೂದಲಿನ ಕೈಪೋ ಗಿಟಾರು ಹಿಡಿದುಕೊಂಡು ನಿಂತಿದ್ದ.

ನಲ್ಲಿಯನ್ನು ಕೈಪೋನೇ ಬಂದು ನಿಲ್ಲಿಸಿದ. ಆಮೇಲೆ ಅನ್ನವಾಯಿತು, ಮಿಕ್ಕಿದ ಹಂದಿಮಾಂಸದ ಜೊತೆ ಇಬ್ಬರೂ ಉಂಡರು. ಗಿಟಾರು ತೆಗೆದುಕೊಂಡು ಹೋಗು ಎಂದರೆ ಅವನು ಒಪ್ಪಲಿಲ್ಲ. "ಅದು ಆ ಗೋಡೇದು. ನನಗೆ ಬೇಕಾದ್ದು ಕಿವೀಲಿದೆ," ಎಂದ. ಮೊಳೆಗೆ ನೇತುಹಾಕುವಾಗ ಅವನ ಕೈ ಅಭ್ಯಾಸಬಲದಿಂದ ಬಿರಡೆಗೆ ಹೋಯಿತು.

"ಬಿಚ್ಚಬೇಡ!" ಎಂದು ಹೌನಾನಿ ಓಡಿಬಂದು ಅವನ ಕೈ ಹಿಡಿದುಕೊಂಡಳು. "ಇರ್ಲಿ ಬಿಡು, ಹಾಗೇ ಇರ್ಲಿ. ಯಾರು ಬೇಕಾದ್ರೂ ಬಂದು ಕೇಳ್ಲಿ. ಅಲ್ಲಿ ನಿನ್ನ ಹತ್ರ ಯಾರಾದ್ರೂ ಕೇಳಿದ್ರೂ ಹೇಳ್ಕೊಡು. ಗುಟ್ಟು ಕಾದು ಏನಾಯ್ತು ಅಂತ ನೋಡಿದ್ವಲ್ಲ."

ಮರುದಿನ ಭಾನುವಾರ. ಮೋಮಿಯ ಅಳಿಯನೊಬ್ಬ ಕೈಪೋನನ್ನು ನಿಲ್ದಾಣಕ್ಕೆ ಬಿಡಲು ಕರೆದುಕೊಂಡು ಹೋದ. ಮನೆ ಮತ್ತೆ ಖಾಲಿ. ಹೌನಾನಿ ಮೇಜಿನ ಮುಂದೆ ಕೂತು ರೇಡಿಯೋ ಹಾಕಿದಳು. ಕೊಹಾಲಾದ ಆ ಹೊಸ ಹುಡುಗನೇ ಮತ್ತೆ ಹಾಡುತ್ತಿದ್ದ. "ಇವತ್ತು ಪರವಾಗಿಲ್ಲ ಕಣೋ, ತಿಂಡಿ ಸಿಕ್ಕಿದ ಹಾಗಿದೆ," ಎಂದಳು. ಉತ್ತರ ಕೊಡಲು ಯಾರೂ ಇರಲಿಲ್ಲ. ಕಣ್ಣೀರಿನ ಊಟ ಮುಗಿದರೆ ದುಃಖ ಮುಗಿಯುತ್ತದೆ ಎನ್ನುತ್ತಾರೆ, ಹೇಳುವವರಿಗೇನು. ಎದುರಿನ ಕುರ್ಚಿ ಖಾಲಿಯೇ ಇತ್ತು, ಮುಂದೆಯೂ ಖಾಲಿಯೇ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಕೇಳುಗರೇ, ನಿಮ್ಮ ಮೆಚ್ಚಿನ ಹಾಡುಗಾರ ಯಾರು? ಫೋನ್ ಮಾಡಿ," ಎಂದ ಸೋಲ್ ಅಂಕಲ್.

ಆಗಲೇ ನಿಲ್ದಾಣದ ಕಡೆಯಿಂದ ವಿಮಾನ ಹೊರಟ ಸದ್ದು ಕೇಳಿತು. ಕೈಪೋನ ವಿಮಾನವೇ ಇರಬೇಕು. ಮೇಜಿನ ಮೇಲಿನ ಉಪ್ಪಿನ ಬಟ್ಟಲು ಅದುರಿತು, ಮಾಡು ಗಡಗಡ ಎಂದಿತು, ವಿಮಾನ ತಲೆಯ ಮೇಲೆ ಹಾದು ಸಮುದ್ರದ ಕಡೆಗೆ ಹೋಯಿತು. ಸದ್ದು ಅಡಗಿದ ಮೇಲೆ, ಒಳಗಿನ ಕೋಣೆಯಿಂದ, ಬಾಯಿ ಮುಚ್ಚಿಕೊಂಡು ಯಾರೋ ಗುನುಗಿದ ಹಾಗೆ, ಸಣ್ಣಗೆ ಆ ಝೇಂಕಾರ ಬಂತು.

ಹೌನಾನಿ ಹಾಗೇ ಕೂತುಬಿಟ್ಟಳು. ಅವಳ ಕಿವಿ ಕೆಟ್ಟಿರಲಿಲ್ಲ, ಬಿಗಿದ ತಂತಿಗಳು ವಿಮಾನದ ಸದ್ದಿಗೆ ಅದುರಿ ನುಡಿಯುತ್ತಿದ್ದವು. ಅವನು ಆಸ್ಪತ್ರೆಯಲ್ಲಿದ್ದ ಅಷ್ಟು ದಿನವೂ ಗಿಟಾರು ಈ ಗೋಡೆಯಿಂದ ಅವಳನ್ನು ಕರೆಯುತ್ತಲೇ ಇತ್ತು. ಅವಳೇ ಅದರ ಬಾಯಿ ಮುಚ್ಚಿಸಿದ್ದಳು.

ರೇಡಿಯೋದಲ್ಲಿ ಯಾರೋ ಫೋನು ಮಾಡಿ ಮೊಲೊಕಾಯಿಯ ಆ ಮುದುಕನನ್ನು ಕೇಳಿದರು. ಅವಳಿಗೂ ಇಷ್ಟವಾದ ಹಾಡುಗಾರನೇ. ಆದರೆ ಹೊನೊಲುಲುವಿನಿಂದ ಬರುವ ವಿಮಾನದ ಹೊತ್ತಾಗುತ್ತಿತ್ತು. ಹೌನಾನಿ ಎದ್ದು ರೇಡಿಯೋ ಆರಿಸಿ, ಒಳಗಿನ ಕೋಣೆಗೆ ಹೋಗಿ ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು.